ಕಂಚಗಾರ ಓಣಿಯನ್ನು ಮರೆಯದ ಚಿಪ್

ಸಿರಿಗಟ್ಟಿ ಊರಿನ ನೀರು ಸರಬರಾಜು ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಇಡೀ ಊರು ನೀಲಿ ಗೆರೆಗಳಾಗಿ ಹರಡಿಕೊಂಡಿತ್ತು. ನೀಲಿ ಎಂದರೆ ಆ ಓಣಿಗೆ ನೀರಿದೆ ಎಂದರ್ಥ. ನೂರಾ ಹದಿನಾಲ್ಕು ಓಣಿಗಳು ನೀಲಿಯಾಗಿದ್ದವು. ಹಳೇ ಪೇಟೆಯ ಮೂಲೆಯಲ್ಲಿ ಬೆರಳುದ್ದದ ಒಂದೇ ಒಂದು ಗೆರೆ ಮಾತ್ರ ಕೆಂಪಗಿತ್ತು. ಅದು ಕಂಚಗಾರ ಓಣಿ. ಅದರ ಪಕ್ಕದಲ್ಲಿ 'ಸೋರಿಕೆ' ಎಂಬ ಮೂರು ಅಕ್ಷರ ನಲವತ್ತೊಂದು ದಿನಗಳಿಂದ ಮಿಣುಕುತ್ತಿತ್ತು. ಪರದೆಯ ಮೇಲ್ಭಾಗದಲ್ಲಿ ಇನ್ನೊಂದು ಅಂಕಿ ಇತ್ತು: ಪ್ರಯೋಗದ ದಿನ 478. ಈ ಎರಡನ್ನೂ ದಿನಾ ನೋಡಿ ನೋಡಿ ಅನಸೂಯಾ ಕಟ್ಟೀಮನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಸೋರಿಕಿ ಇಲ್ಲರೀ ಚೌಗಲೆ ಸಾಹೇಬ್ರ," ಎಂದಳು ಅವಳು, ಆ ವಾರದಲ್ಲಿ ಐದನೆಯ ಸಲ. "ನಾ ಅದ ಓಣ್ಯಾಗ ಬಾಡಿಗಿ ಇದ್ದೀನಿ. ಪೈಪ್ ಬೆಸದದ್ದು ಕಣ್ಣಾರೆ ನೋಡೀನಿ. ಒಂದು ಹನಿ ಸೋರಂಗಿಲ್ಲ."

ಕಂಟ್ರೋಲ್ ರೂಮಿನ ಮುಖ್ಯ ಎಂಜಿನಿಯರ್ ಚೌಗಲೆ ಕೆಟ್ಟ ಮನುಷ್ಯನಲ್ಲ. ಇಪ್ಪತ್ತೆಂಟು ವರ್ಷ ನೌಕರಿ ಮಾಡಿ, ಯಾವ ಗುಂಡಿಯನ್ನೂ ತಾನಾಗಿ ಒತ್ತಬಾರದು ಎಂಬುದೊಂದನ್ನು ಚೆನ್ನಾಗಿ ಕಲಿತವನು, ಅಷ್ಟೆ. "ನೀವು ನೋಡಿದ್ದು ಖರೇ ಇರಬಹುದ್ರೀ ಮೇಡಮ್. ಆದ್ರ ಮಷೀನ್ ಸೋರಿಕಿ ಐತಿ ಅಂತ ತೋರಸಾಕತ್ತೈತಿ. ಮಷೀನ್ ಹೇಳಿದ್ದನ್ನ ನಂಬರಿ ಅಂತ ಟ್ರೇನಿಂಗಿನ್ಯಾಗ ನೀವ ಹೇಳೀರಿ."

ಹೇಳಿದ್ದು ಅವಳೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ಮಷೀನಿನ ಜೀವ ಇದ್ದದ್ದು ಒಂದು ಗೇಣುದ್ದದ ಹಸಿರು ಪಟ್ಟಿಯ ಮೇಲೆ ಸಾಲಾಗಿ ಕೂತ ಎಂಟು ಕರಿಯ ಚಿಪ್‌ಗಳಲ್ಲಿ. ಅವನ್ನು ಮಾಡಲು ಅನಸೂಯಾ ಒಂಬತ್ತು ವರ್ಷ ಕೊಟ್ಟಿದ್ದಳು. ಅಲ್ಲಿಯವರೆಗೆ ಕಂಪ್ಯೂಟರುಗಳಲ್ಲಿ ಎರಡು ಬಗೆಯ ನೆನಪು ಇರುತ್ತಿತ್ತು. ಒಂದು ಮಹಾ ಚುರುಕು, ಆದರೆ ಕರೆಂಟು ಹೋದ ಕೂಡಲೇ ಎಲ್ಲವನ್ನೂ ಮರೆಯುತ್ತದೆ. ಇನ್ನೊಂದು ಏನನ್ನೂ ಮರೆಯುವುದಿಲ್ಲ, ಆದರೆ ಮಂದ. ಅನಸೂಯಾಳ ಚಿಪ್ ಎರಡೂ ಆಗಿತ್ತು. ಊರಿನ ಒಂಬತ್ತು ಸಾವಿರ ಪೈಪುಗಳ ಒತ್ತಡವನ್ನು ಒಂದೇ ಉಸಿರಿಗೆ ನೆನಪಿನಲ್ಲಿ ಹಿಡಿಯಬಲ್ಲದು, ಕರೆಂಟು ತೆಗೆದು ಹತ್ತು ವರ್ಷ ಕಪಾಟಿನಲ್ಲಿಟ್ಟರೂ ಎಚ್ಚರಾದ ಗಳಿಗೆಯಲ್ಲಿ ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳಬಲ್ಲದು.

ಸಿರಿಗಟ್ಟಿಗೆ ಇದರಿಂದ ಆದ ಲಾಭ ಸಣ್ಣದಲ್ಲ. ಮೊದಲು ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು, ಹೋದಾಗಲೆಲ್ಲ ಕಂಪ್ಯೂಟರು ಮತ್ತೆ ಎದ್ದು ಊರನ್ನು ಗುರುತು ಹಿಡಿಯಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟೂ ಹೊತ್ತು ಪಂಪುಗಳು ಸುಮ್ಮನೆ ನಿಲ್ಲುತ್ತಿದ್ದವು. ಹೀಗಾಗಿ ಐದು ದಿನಕ್ಕೊಮ್ಮೆ ನೀರು. ಚಿಪ್ ಬಂದ ಮೇಲೆ ದಿನ ಬಿಟ್ಟು ದಿನ ನೀರು. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಚರಿಗೆಯನ್ನೂ ತುಂಬಿಸಿಡುತ್ತಿದ್ದ ಊರಿನ ಹೆಂಗಸರು ಅಡುಗೆಮನೆಯಲ್ಲಿ ಕಾಲಿಡಲು ಜಾಗ ಸಿಕ್ಕಿತೆಂದು ಹಿಗ್ಗಿದರು. ಐನೂರು ದಿನ ಚಿಪ್ ಒಂದು ಅಕ್ಷರವನ್ನೂ ಮರೆಯದೆ ನಡೆದರೆ ಅದಕ್ಕೆ ಸರ್ಟಿಫಿಕೇಟು, ಆಮೇಲೆ ಇನ್ನೂ ಮೂವತ್ತು ಊರುಗಳಿಗೆ ಅದೇ ವ್ಯವಸ್ಥೆ ಎಂದು ನಿಗದಿಯಾಗಿತ್ತು. ಅನಸೂಯಾಳ ಒಂಬತ್ತು ವರ್ಷ ಆ ಐನೂರು ದಿನಗಳ ಮೇಲೆ ನಿಂತಿತ್ತು.

ಆದರೆ 437ನೆಯ ದಿನ ಕೇಬಲ್ ಹಾಕುವವರ ಜೆಸಿಬಿ ಕಂಚಗಾರ ಓಣಿಯ ಪೈಪನ್ನು ಕಚ್ಚಿ ಎಳೆಯಿತು. ಕಣ್ಣೆವೆ ಮುಚ್ಚುವುದರೊಳಗೆ ಮಷೀನು ಸೋರಿಕೆ ಎಂದು ಗುರುತು ಹಾಕಿ ವಾಲ್ವ್ ಮುಚ್ಚಿತು. ಎಲ್ಲರೂ ಭಲೇ ಎಂದರು. ಮೂರನೆಯ ದಿನ ಪೈಪನ್ನು ಬೆಸೆದರು. ಇನ್ನು ವಾಲ್ವ್ ತೆರೆಯಬೇಕು. ತೆರೆಯಲಿಲ್ಲ. ಸೋರಿಕೆ ನಿಂತಿತೆಂದು ಗೊತ್ತಾಗಬೇಕಾದರೆ ಪೈಪಿನಲ್ಲಿ ಒತ್ತಡ ಬರಬೇಕು. ಒತ್ತಡ ಬರಬೇಕಾದರೆ ವಾಲ್ವ್ ತೆರೆಯಬೇಕು. ಸೋರಿಕೆಯ ಗುರುತು ಇರುವ ತನಕ ವಾಲ್ವ್ ತೆರೆಯುವಂತಿಲ್ಲ.

ಅನಸೂಯಾ ಫೋನು ಹಿಡಿದು ಕೂತಳು. ಪೈಪ್ ಗುತ್ತಿಗೆದಾರ ತನ್ನ ಬೆಸುಗೆ ಕಲ್ಲಿನಂತಿದೆ ಎಂದ. ಸೆನ್ಸರ್ ಕಂಪನಿಯವರು ತಮ್ಮ ಸೆನ್ಸರು ಸರಿಯಾಗಿದೆ ಎಂದು ಮೂರು ಪುಟದ ವರದಿ ಕಳಿಸಿದರು. ನಗರಸಭೆಯ ಕಂಪ್ಯೂಟರ್ ವಿಭಾಗದವರು, ಈ ಪ್ರೋಗ್ರಾಂ ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದೆ, ಒಂದು ದಿನವೂ ಹೀಗಾಗಿಲ್ಲ, ನಿಮ್ಮ ಚಿಪ್ಪನ್ನೇ ನೋಡಿಕೊಳ್ಳಿ ಎಂದರು. ಅವಳು ಚಿಪ್ಪನ್ನು ನೋಡಿದಳು. ಹೇಳಿದ್ದನ್ನು ಹೇಳಿದಂತೆಯೇ ಇಟ್ಟುಕೊಂಡಿತ್ತು. ಎಲ್ಲರದೂ ಸರಿಯಾಗಿತ್ತು, ಅರವತ್ತೆರಡು ಮನೆಗಳಿಗೆ ಮಾತ್ರ ನೀರಿರಲಿಲ್ಲ. ಆ ಒಂದು ಗುರುತನ್ನು ಹೊರಗಿನಿಂದ ತಾನೇ ಅಳಿಸೋಣವೆಂದರೆ, ಹೊರಗಿನವರು ಯಾರೂ ಕೈಯಾಡಿಸಬಾರದೆಂದು ಆ ದಾರಿಯನ್ನು ಮುಚ್ಚಿದವಳೂ ಅವಳೇ.

ಓಣಿಗೆ ನೀರು ಬಿಡುವ ವಾಲ್ವ್‌ಮನ್ ಮಾಬೂಸಾಬ ಒಂದು ದಿನ ಸಿಟ್ಟಿಗೆದ್ದು ಉದ್ದನೆಯ ಕೀಲಿ ಹಾಕಿ ಕೈಯಿಂದಲೇ ವಾಲ್ವ್ ತಿರುವಿದ್ದ. ಮರುಗಳಿಗೆಯಲ್ಲಿ ಮೋಟಾರು ಅದನ್ನು ಹಿಂದಕ್ಕೆ ತಿರುವಿತು. ಅವನ ಮುಂಗೈ ಉಳುಕಿ, ಈಗಲೂ ಅರಿಶಿನದ ಪಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದ.

"ಅಕ್ಕಾರ, ನಿಮ್ಮ ಮಷೀನಿಗೆ ನಮ್ಮ ಓಣಿ ಮ್ಯಾಲೆ ಏನರ ದ್ವೇಷ ಐತೇನ್ರೀ?" ಎಂದು ಅವನು ಅನಸೂಯಾಳನ್ನು ಕೇಳಿದ.

ಅನಸೂಯಾ ಇದ್ದದ್ದು ಕಂಚಗಾರ ಓಣಿಯ ನೀಲವ್ವನ ಖಾನಾವಳಿಯ ಮೇಲಿನ ಕೋಣೆಯಲ್ಲಿ. ನೀಲವ್ವ ಗಂಡ ಸತ್ತ ವರ್ಷ ಒಂದು ಒಲೆ, ಎರಡು ಹಂಚು ಇಟ್ಟುಕೊಂಡು ಶುರು ಮಾಡಿದ ಖಾನಾವಳಿಗೆ ಈಗ ಇಪ್ಪತ್ತೆರಡು ವರ್ಷ. ಕೋರ್ಟಿನ ಗುಮಾಸ್ತರು, ಬಸ್ ಕಂಡಕ್ಟರುಗಳು, ಸಂತೆಗೆ ಬಂದವರು, ಮಧ್ಯಾಹ್ನಕ್ಕೆ ಅರವತ್ತು ಎಲೆ ಏಳುತ್ತಿದ್ದವು. ಅಂದು ಅನಸೂಯಾ ಊಟಕ್ಕೆ ಬಂದಾಗ ಪಡಸಾಲೆಯಲ್ಲಿ ಮೂವರು ಕೂತಿದ್ದರು. ಅವರಲ್ಲೊಬ್ಬ ರೊಟ್ಟಿ ಮುರಿದು, ಮೂಸಿ, ಪಕ್ಕಕ್ಕಿಟ್ಟ.

ನೀಲವ್ವ ಒಲೆಯ ಮುಂದೆ ಕೂತಿದ್ದಳು. "ಬಂದೇನವ್ವಾ ನೀರಿನ ದೇವಿ? ಬಾ. ಇವತ್ತೂ ಸವಳು ನೀರಿನ ರೊಟ್ಟಿ. ಹಿಂದಿನ ಓಣಿ ಬೋರಿಂದ ಎಂಟು ಕೊಡ ಹೊತ್ತು ತಂದೀನಿ. ಎಸರಿಟ್ಟು ಹಿಟ್ಟು ನಾದಿದ್ರ ಹೆಂಗ ಬಡದ್ರೂ ಹರೀತೈತಿ. ಹರಕ ರೊಟ್ಟಿ ತಿನ್ನಾಕ ಯಾರು ಬರ್ತಾರ?"

"ಟ್ಯಾಂಕರ್ ಬರಲಿಲ್ಲೇನ ನೀಲಕ್ಕಾ?"

"ನಾಕು ದಿನಕ್ಕ ಒಮ್ಮೆ, ಮನಿಗೆ ಎರಡು ಕೊಡ. ಅದರಾಗ ಕುಡಿಲ್ಯೋ, ಪಾತ್ರಿ ತೊಳೀಲ್ಯೋ, ಖಾನಾವಳಿ ನಡಸ್ಲ್ಯೋ?" ನೀಲವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಬಟ್ಟೆ ಅದ್ದಿದಳು, ನೀರು ಕಡಿಮೆ ಎಂದು ಹಿಂಡಿ ಮತ್ತೆ ಬಟ್ಟಲಿಗೇ ಬಿಟ್ಟಳು. "ತಿಳಿಯೋ ಹಂಗ ಹೇಳು. ಪೈಪ್ ಸರಿ ಆತಿಲ್ಲೋ? ಊರಿಗೆಲ್ಲ ಗೊತ್ತಾತು. ಅದಕ್ಕೊಂದಕ್ಕ ಯಾಕ ತಿಳೀವಲ್ದು?"

ಅನಸೂಯಾ ಗೋಡೆಗೊರಗಿ ಕೂತಳು. "ಸಕ್ಕರಿ ಪಾಕ ಮಾಡ್ತೀಯಲ್ಲ. ಗಪ್ನ ಆರಿಸಿದ್ರ ಗಾಜಿನಂಗ ಆಗ್ತೈತಿ. ಸಾವಕಾಶ ಆರಿದ್ರ ಹರಳುಗಟ್ಟಿ ಕಲ್ಲುಸಕ್ಕರಿ ಆಗ್ತೈತಿ. ಹೌದಿಲ್ಲೋ? ನನ್ನ ಚಿಪ್ಪಿನ್ಯಾಗ ಹಂಗ ಕಣ್ಣಿಗೆ ಕಾಣಲಾರದಂಥ ಕೋಟಿಗಟ್ಟಲೆ ಚುಕ್ಕಿ ಅದಾವು. ಗಾಜಾದ್ರ ಒಂದು ಅರ್ಥ, ಹರಳಾದ್ರ ಇನ್ನೊಂದು. ಕರೆಂಟಿನ ಒಂದು ಸಣ್ಣ ಬಿಸಿ ತಾಗಿಸಿ ಅದನ್ನ ಬದಲಿ ಮಾಡ್ತೀವಿ. ಒಮ್ಮೆ ಆತಂದ್ರ ಮತ್ತ ಹೇಳೂತನಕಾ ಹಂಗ ಇರ್ತೈತಿ."

"ಮತ್ತ ಹೇಳು, ಹಂಗಾರ."

"ಹೇಳಬೇಕಾದ್ದು ಪ್ರೋಗ್ರಾಂ. ಅದು ಹೇಳವಲ್ದು."

ನೀಲವ್ವ ರೊಟ್ಟಿ ತಿರುವಿ ಹಾಕಿದಳು. ಮುಖ ನೋಡದೆಯೇ ಹೇಳಿದಳು: "ಬನ್ನಿ ಹಬ್ಬದ ಮರುದಿನ ನಾ ಇಳಕಲ್ಲಿಗೆ ತಂಗಿ ಮನಿಗೆ ಹೊಂಟೀನಿ. ಪಾತ್ರಿ ಮಾರಾಕ ಮಾತಾಡೀನಿ. ಮ್ಯಾಲಿನ ಕೋಲ್ಯಾಗ ನೀ ಇರು, ಹೋಗೂವಾಗ ಕೀಲಿ ಬಾಜೂ ಮನ್ಯಾಗ ಕೊಡು."

ಅನಸೂಯಾಳಿಗೆ ನೀಲವ್ವನ ಮೇಲಲ್ಲ, ತನ್ನ ಮೇಲೆಯೇ ಅಸಹ್ಯವಾಯಿತು. ಬನ್ನಿ ಹಬ್ಬಕ್ಕೆ, ಅಂದರೆ ವಿಜಯದಶಮಿಗೆ, ಹನ್ನೊಂದು ದಿನ ಉಳಿದಿತ್ತು.

ಪ್ರೋಗ್ರಾಂ ಬರೆದವರನ್ನು ಹುಡುಕಲು ಎರಡು ದಿನ ಹಿಡಿಯಿತು. ಊರಿನ ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ವಾಮನ ಮಾಸ್ತರು ಮನೆಯ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದರು. ತಮ್ಮ ಪ್ರೋಗ್ರಾಂ ಇನ್ನೂ ನಡೆಯುತ್ತಿದೆ ಎಂದು ಕೇಳಿ ಅವರ ಮುಖ ಅರಳಿತು. ಒಳಗಿನ ಟ್ರಂಕಿನಿಂದ ಹಳದಿಯಾದ ಅಗಲ ಕಾಗದದ ಕಟ್ಟು ತಂದು ನೆಲದ ಮೇಲೆ ಹಾಸಿದರು. ಇಬ್ಬರೂ ಮೊಣಕಾಲೂರಿ, ಬೆರಳಿಟ್ಟು, ಸಾಲು ಸಾಲಾಗಿ ಓದುತ್ತ ಹೋದರು.

"ಇಲ್ಲಿ ಸೋರಿಕಿ ಗುರ್ತು ಹಾಕ್ತದ, ನೋಡ್ರಿ. ಇಲ್ಲಿ ವಾಲ್ವ್ ಮುಚ್ಚತದ," ಎಂದರು ಮಾಸ್ತರು.

"ಗುರ್ತು ಅಳಸೂದು ಎಲ್ಲಿ ಅದರೀ ಸರ?"

"ಅದನ್ನ ನಾ ಬರದೇ ಇಲ್ಲಲ್ಲ."

"ಯಾಕ್ರೀ?"

ಮಾಸ್ತರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಇಷ್ಟು ಓದಿದವಳು ಇಂಥ ಪ್ರಶ್ನೆ ಕೇಳುತ್ತಾಳಲ್ಲ ಎಂಬಂತಿತ್ತು ಆ ನೋಟ. "ಯಾಕ ಬರೀಬೇಕಿತ್ರೀ? ದಿನಾ ಎರಡು ಸಲ ಕರೆಂಟ್ ಹೋಗ್ತಿತ್ತಲ್ಲ! ಕರೆಂಟ್ ಹೋತಂದ್ರ ಕಂಪ್ಯೂಟರಿನ ತಲಿಯೊಳಗಿಂದೆಲ್ಲ ಅಳಿಸಿ ಹೋಗ್ತಿತ್ತು. ಎದ್ದ ಮ್ಯಾಲ ಎಲ್ಲಾ ವಾಲ್ವ್ ತೆರದು ಹೊಸದಾಗಿ ನೋಡ್ತಿತ್ತು. ಸೋರಿಕಿ ಇದ್ರ ಮತ್ತ ಗುರ್ತು ಹಾಕ್ತಿತ್ತು, ಇಲ್ಲಂದ್ರ ಇಲ್ಲ. ಆಗ ಜಾಗಾ ಭಾಳ ಕಮ್ಮಿರೀ, ಒಂದೊಂದು ಸಾಲಿಗೂ ಒದ್ದಾಡ್ತಿದ್ದೆ. ತಾನ ಅಳಿಸಿ ಹೋಗೂದನ್ನ ಅಳಸಾಕ ಯಾರರ ಸಾಲು ಖರ್ಚು ಮಾಡ್ತಾರೇನು?"

ಅನಸೂಯಾ ಆ ಹಳದಿ ಕಾಗದದ ಮೇಲೆ ಹಣೆ ಇಟ್ಟು ನಕ್ಕಳು. ನಗು ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು. ಹತ್ತೊಂಬತ್ತು ವರ್ಷ ಈ ಊರಿನ ನೀರನ್ನು ಕಾಪಾಡಿದ್ದು ಕರೆಂಟು ಕಡಿತ. ಅದನ್ನು ಗೆಲ್ಲಲೆಂದು ಅವಳು ಒಂಬತ್ತು ವರ್ಷ ಹೆಣಗಿದ್ದಳು. ಅದು ಬರೀ ಪೀಡೆಯಲ್ಲ, ದಿನಕ್ಕೆರಡು ಸಲ ಬಂದು ಕಸ ಗುಡಿಸಿ ಹೋಗುವ ಆಳೂ ಆಗಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾಸ್ತರು ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಪೆನ್ನು ತೆಗೆದು ಕಾಗದದ ಅಂಚಿನಲ್ಲಿ ಒಂದು ಸಾಲು ಬರೆದುಕೊಟ್ಟರು. ಪ್ರತಿ ಸಲ ಎಚ್ಚರಾದಾಗ ಸೋರಿಕೆಯ ಗುರುತನ್ನೆಲ್ಲ ಅಳಿಸು ಎಂಬುದು ಅದರ ಅರ್ಥ. "ಇಷ್ಟ ಸಾಕು," ಎಂದರು. ನಿಜಕ್ಕೂ ಅಷ್ಟೇ ಸಾಕಿತ್ತು.

ಆ ಒಂದು ಸಾಲನ್ನು ಫೋಟೋ ತೆಗೆದು ಅವಳು ಬೆಂಗಳೂರಿನ ತನ್ನ ಸಂಸ್ಥೆಗೆ ಕಳಿಸಿದಳು. ನಿರ್ದೇಶಕ ವೆಂಕಟಾಚಲಯ್ಯನವರು ಮರುದಿನವೇ ಫೋನು ಮಾಡಿದರು.

"ಅನಸೂಯಾ, ಪ್ರಯೋಗ ಮುಗಿಯೋವರೆಗೂ ಪ್ರೋಗ್ರಾಂನಲ್ಲಿ ಒಂದಕ್ಷರ ಮುಟ್ಟೋ ಹಾಗಿಲ್ಲ ಅಂತ ಒಪ್ಪಂದದಲ್ಲೇ ಇದೆ. ನೀವೇ ಸೈನ್ ಮಾಡಿದ್ದೀರಿ."

"ಗೊತ್ತು ಸಾರ್. ಮುಗಿದ ಮೇಲೆ?"

"ಮುಗಿದ ಮೇಲೆ ಚಿಪ್ಪು, ಪ್ರೋಗ್ರಾಂ ಎರಡನ್ನೂ ಒಟ್ಟಿಗೆ ಸೀಲ್ ಮಾಡ್ತಾರೆ. ಐದು ವರ್ಷ. ಮೂವತ್ತು ಊರಿಗೂ ಅದೇ ಹೋಗುತ್ತೆ. ನಡೆದು ತೋರಿಸಿರೋ ವ್ಯವಸ್ಥೆ ತಾನೇ."

"ಅಂದರೆ ಕಂಚಗಾರ ಓಣಿಗೆ ಐದು ವರ್ಷ ನೀರಿಲ್ಲ. ಇನ್ನು ಮೂವತ್ತು ಊರಲ್ಲಿ ಪೈಪ್ ಒಡೆದ ಓಣಿಗಳಿಗೂ ಇಲ್ಲ."

"ತಿದ್ದುಪಡಿ ಸಮಿತಿ ಇದೆ. ಅರ್ಜಿ ಹಾಕಿ. ವರ್ಷಕ್ಕೆ ಎರಡು ಸಲ ಸೇರ್ತಾರೆ."

"ಸಾರ್, ಒಂದೇ ಒಂದು ಸಾಲು."

"ಒಂದು ಸಾಲಾದರೂ ಅಷ್ಟೇ, ಸಾವಿರ ಸಾಲಾದರೂ ಅಷ್ಟೇ." ಅವರು ಸ್ವಲ್ಪ ಮೆತ್ತಗಾದರು. "ನೋಡಿ, ಚಿಪ್ಪು ತನಗೆ ಹೇಳಿದ್ದನ್ನ ನೆನಪಿಟ್ಟುಕೊಂಡಿದೆ. ಅದು ನಮ್ಮ ಗೆಲುವು. ಇನ್ನು ಹದಿನೆಂಟು ದಿನ ತಾಳ್ಮೆಯಿಂದಿರಿ. ಈಗ ಅದೇನಾದರೂ ಮರೆತರೆ ಒಂದರಿಂದ ಮತ್ತೆ ಎಣಿಸಬೇಕಾಗುತ್ತೆ."

ಫೋನಿಟ್ಟ ಮೇಲೂ ಆ ಕೊನೆಯ ಮಾತು ಅವಳ ಕಿವಿಯಲ್ಲೇ ಉಳಿಯಿತು. ಮರೆತರೆ. ಚಿಪ್ ಮರೆಯುವ ದಾರಿ ಒಂದೇ ಒಂದಿತ್ತು. ಅದು ಈ ಲೋಕದಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಆ ದಾರಿಯನ್ನು ಮುಚ್ಚಲು ನಾಲ್ಕು ವರ್ಷ ಒದ್ದಾಡಿ, ಪೂರ್ತಿ ಮುಚ್ಚಲಾಗದೆ ಬಿಟ್ಟಿದ್ದಳು. ನೂರಾ ಎಂಬತ್ತು ಡಿಗ್ರಿ ದಾಟಿ ಹತ್ತು ನಿಮಿಷ ಕಾಯಿಸಿದರೆ ಗಾಜಿನ ಚುಕ್ಕಿಗಳೆಲ್ಲ ಹರಳುಗಟ್ಟಿ ಒಂದೇ ಆಗಿಬಿಡುತ್ತವೆ. ಆಗ ಎಲ್ಲವೂ ಮರೆತಂತೆ. ಇನ್ನೂರಾ ಹದಿನೇಳು ದಾಟಿದರೆ ಬೆಸುಗೆ ಕರಗಿ ಚಿಪ್ಪೇ ಸತ್ತುಹೋಗುತ್ತದೆ. ಸಂಸ್ಥೆಯಲ್ಲಿ ಇದಕ್ಕೆ ಒಂದು ಒಲೆ ಇತ್ತು. ಅದನ್ನು ಬಳಸಲು ನಿರ್ದೇಶಕರ ಸಹಿ ಬೇಕು.

ಅವಳು ಮೂರು ದಿನ ಏನೂ ಮಾಡದೆ ಕಳೆದಳು. ಕಂಟ್ರೋಲ್ ರೂಮಿಗೆ ಹೋಗುವಳು, ಅಂಕಿ ಒಂದು ಹೆಚ್ಚಾದದ್ದನ್ನು ನೋಡುವಳು, ಬರುವಳು. ಐನೂರು ಎಂಬುದು ಅವಳಿಗೆ ಬರೀ ಅಂಕಿಯಾಗಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ, ತಾಯಿಯ ಕಣ್ಣಿನ ಆಪರೇಷನ್ನಿಗೆ ಹೋಗಲಾಗದೆ ಇದ್ದಾಗ, ಜೊತೆಯವರು ಬೇರೆ ಕೆಲಸ ಹಿಡಿದು ಮುಂದೆ ಹೋದಾಗ, ಈ ಚಿಪ್ ಒಂದು ಮುಗಿಯಲಿ ಎಂದೇ ಅವಳು ಹೇಳುತ್ತ ಬಂದಿದ್ದಳು. ನಾಲ್ಕನೆಯ ದಿನ ಓಣಿಯಲ್ಲಿ ಕೈಗಾಡಿ ಬಂದು ನಿಂತಿತು. ಹಳೇ ಪಾತ್ರೆ ಕೊಳ್ಳುವವನು ನೀಲವ್ವನ ದೊಡ್ಡ ಹಂಡೆಯನ್ನು ಬೆರಳಿನಿಂದ ಬಾರಿಸಿ ನೋಡುತ್ತಿದ್ದ. ನೀಲವ್ವ ಅತ್ತ ಬೆನ್ನು ಮಾಡಿ ನಿಂತಿದ್ದಳು. ಅನಸೂಯಾ ಮೆಟ್ಟಿಲು ಇಳಿದು ಬಂದು, "ಹಂಡೆ ಮಾರಂಗಿಲ್ಲ, ನಡೀರಿ," ಎಂದು ಅವನನ್ನು ಕಳಿಸಿಬಿಟ್ಟಳು.

"ನಿಂದೇನ ಅದು?" ನೀಲವ್ವ ರೇಗಿದಳು.

"ನೀಲಕ್ಕಾ, ಆಯುಧಪೂಜಿ ದಿನ ಮಧ್ಯಾಹ್ನ ನನಗ ಒಂದು ಒಲಿ, ಒಂದು ಹಂಚು ಬೇಕು."

ಆಯುಧಪೂಜೆ ಬಂತು. ಪ್ರಯೋಗದ ದಿನ 488. ವರ್ಷಕ್ಕೆ ಒಂದೇ ದಿನ ಕಂಟ್ರೋಲ್ ರೂಮಿನ ಮಷೀನುಗಳನ್ನೆಲ್ಲ ಆರಿಸಿ, ಬಾಗಿಲು ತೆರೆದು, ಒರೆಸಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕುತ್ತಿದ್ದರು. ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಹೋದ ವರ್ಷ ಇದೇ ದಿನ ಚಿಪ್ಪಿನ ದೊಡ್ಡ ಮೆರವಣಿಗೆಯೇ ಆಗಿತ್ತು: ಇಡೀ ದಿನ ಕರೆಂಟಿಲ್ಲದೆ ಇದ್ದು, ಮರುದಿನ ಗುಂಡಿ ಒತ್ತಿದ ಕೂಡಲೇ ಊರೆಲ್ಲ ನೀಲಿಯಾಗಿ ಎದ್ದು ನಿಂತಿತ್ತು, ಪೇಪರಿನವರು ಫೋಟೋ ತೆಗೆದಿದ್ದರು. ಈ ಸಲ ಚೌಗಲೆ ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿ, ಮಾಬೂಸಾಬನೊಬ್ಬನನ್ನು ಬಿಟ್ಟು ಎಲ್ಲರೂ ಹೊರಗೆ ಹೋದ ಮೇಲೆ ಅನಸೂಯಾ ಮಷೀನಿನ ಮುಂದೆ ನಿಂತಳು. ಹಸಿರು ಪಟ್ಟಿಗೂ ಯಾರೋ ಭಕ್ತಿಯಿಂದ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು.

ಅವಳು ಅದನ್ನು ಕಳಚಿ ಬುತ್ತಿಯ ಡಬ್ಬಿಯಲ್ಲಿಟ್ಟುಕೊಂಡು ತಿರುಗಿದಾಗ ಚೌಗಲೆ ಬಾಗಿಲಲ್ಲಿದ್ದ. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ.

"ಒಳಗ ಭಾಳ ಧೂಳ ಐತ್ರೀ," ಎಂದಳು ಅನಸೂಯಾ. ಸುಳ್ಳು ಹೇಳಿ ರೂಢಿಯಿಲ್ಲದ್ದರಿಂದ ದನಿ ಕಿರುಚಿದಂತೆ ಬಂತು. "ಒರಸಿ ತರ್ತೀನಿ."

ಚೌಗಲೆ ಡಬ್ಬಿಯನ್ನು ನೋಡಿದ, ಗೋಡೆಯ ಮೇಲಿನ ಕಪ್ಪು ಪರದೆಯನ್ನು ನೋಡಿದ. ಮೂಲೆಯಲ್ಲಿ ಉಳುಕಿದ ಕೈ ಹಿಡಿದುಕೊಂಡು ಕೂತ ಮಾಬೂಸಾಬನನ್ನೂ ನೋಡಿದ. "ಐದಕ್ಕ ಬೀಗ ಹಾಕ್ತೀನ್ರೀ ಮೇಡಮ್," ಎಂದ. "ಅಷ್ಟರಾಗ ಒರಸೂದು ಮುಗೀಲಿ."

ನೀಲವ್ವ ಅಟ್ಟದಿಂದ ಒಂದು ಹಳೇ ಹಂಚು ಇಳಿಸಿದ್ದಳು, ಅಂಚು ಸ್ವಲ್ಪ ಮುರಿದದ್ದು. ಅನಸೂಯಾ ಎರಡು ತುಂಡು ಬೆಸುಗೆ ತಂತಿ ತೆಗೆದು ಹಂಚಿನ ಒಂದು ಬದಿಗೆ ಇಟ್ಟಳು. ಒಂದು ಹಳೇ ಕಾಲದ ಸೀಸದ ತಂತಿ, ನೂರಾ ಎಂಬತ್ಮೂರು ಡಿಗ್ರಿಗೆ ಕರಗುವಂಥದ್ದು. ಇನ್ನೊಂದು ಹೊಸದು, ಇನ್ನೂರಾ ಹದಿನೇಳಕ್ಕೆ.

"ಈ ತಂತಿ ಕರಗಬೇಕು, ಆ ತಂತಿ ಕರಗಬಾರದು. ಹತ್ತು ನಿಮಿಷ. ಆ ಕಾವು ಹಿಡೀಬೇಕು ನೀಲಕ್ಕಾ. ನನಗ ಬರಂಗಿಲ್ಲ."

"ಡಿಗ್ರಿ ಪಗ್ರಿ ನನಗ್ಗೊತ್ತಿಲ್ಲ," ಎಂದು ನೀಲವ್ವ ಒಂದು ಚಿಟಿಕೆ ಜೋಳದ ಹಿಟ್ಟನ್ನು ಹಂಚಿನ ಮೇಲೆ ಉದುರಿಸಿದಳು. ಉರಿ ಹೆಚ್ಚು ಮಾಡಿದಳು. ಹಿಟ್ಟು ಮೊದಲು ಕೆನೆಬಣ್ಣಕ್ಕೆ, ಆಮೇಲೆ ಹುರಿದ ಶೇಂಗಾದ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಸೀಸದ ತಂತಿ ಮಿರುಗುವ ಹನಿಯಾಗಿ ಕುಸಿಯಿತು. ಹೊಸದು ಹಾಗೆಯೇ ನಿಂತಿತ್ತು. "ಇದ ಬಣ್ಣ ಹೌದಿಲ್ಲೋ? ಇಡು ನಿನ್ನ ಚಿಪ್ಪು."

ಅನಸೂಯಾ ಚಿಮಟದಿಂದ ಪಟ್ಟಿಯನ್ನು ಇಳಿಸಿ, ಮೇಲೊಂದು ತಾಟು ಮುಚ್ಚಿದಳು. ನೀಲವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಟ್ಟಿಗೆ ಹಿಂದಕ್ಕೆಳೆಯುತ್ತ, ಇನ್ನೊಂದು ಚೂರು ಒಳಗೆ ತಳ್ಳುತ್ತ, ಪ್ರತಿ ನಿಮಿಷ ಹೊಸ ಚಿಟಿಕೆ ಹಿಟ್ಟು ಉದುರಿಸಿ ಬಣ್ಣ ನೋಡುತ್ತಿದ್ದಳು. ಸಂಸ್ಥೆಯ ಒಲೆಗೂ ಇಷ್ಟು ಸಮ ಕಾವು ಹಿಡಿಯಲು ಬರುತ್ತಿರಲಿಲ್ಲ. ಅನಸೂಯಾ ಗಡಿಯಾರ ನೋಡುತ್ತ ನಿಂತಳು. ನಾನೂರಾ ಎಂಬತ್ತೆಂಟು ದಿನ. ಯಾವ ಪೈಪಿನಲ್ಲಿ ಯಾವ ಗಳಿಗೆಯಲ್ಲಿ ನೀರು ಹೇಗೆ ನಡುಗಿತು ಎಂಬುದೆಲ್ಲ ಆ ತಾಟಿನ ಕೆಳಗೆ ಹರಳಾಗುತ್ತಿತ್ತು. ಆರನೆಯ ನಿಮಿಷಕ್ಕೆ ಅವಳಿಗೆ ಅದನ್ನು ಎತ್ತಿಬಿಡಬೇಕೆನಿಸಿತು, ಕೈಯೂ ಮುಂದಾಯಿತು.

"ಮುಟ್ಟಬ್ಯಾಡ," ಎಂದಳು ನೀಲವ್ವ ತಲೆ ಎತ್ತದೆ. "ಇನ್ನೂ ನಾಕು ನಿಮಿಷ ಐತಿ ಅಂದಿ."

ಅಂದು ಐದಕ್ಕೆ ಐದು ನಿಮಿಷ ಇರುವಾಗ ಪಟ್ಟಿ ತನ್ನ ಜಾಗಕ್ಕೆ ಮರಳಿತು. ಕುಂಕುಮದ ಬೊಟ್ಟು ಕಪ್ಪಾಗಿತ್ತು, ಅನಸೂಯಾ ಅದರ ಮೇಲೆ ಹೊಸದೊಂದು ಇಟ್ಟಳು.

ವಿಜಯದಶಮಿಯ ಬೆಳಿಗ್ಗೆ ಚೌಗಲೆ ಗುಂಡಿ ಒತ್ತಿದ. ಪರದೆ ಕಪ್ಪಗೇ ಇತ್ತು. ಹೋದ ವರ್ಷದ ಹಾಗೆ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಊರು ಎದ್ದು ನಿಲ್ಲಲಿಲ್ಲ. ಮಷೀನು ಹಳೇ ಡಿಸ್ಕಿನಿಂದ ಪ್ರೋಗ್ರಾಂ ಓದಿಕೊಂಡು, ಎಲ್ಲ ವಾಲ್ವ್ ತೆರೆದು, ಮೊದಲ ಸಲ ಊರಿಗೆ ಬಂದವನಂತೆ ಒಂದೊಂದೇ ಓಣಿಯ ಗುರುತು ಹಿಡಿಯುತ್ತ ಹೋಯಿತು. ಅದಕ್ಕೆ ನಲವತ್ತು ನಿಮಿಷ ಹಿಡಿಯಿತು. ಬಸ್‌ಸ್ಟ್ಯಾಂಡಿನ ಹಿಂದೆ ನಿಜವಾಗಿಯೇ ಒಂದು ಪೈಪು ಸೋರುತ್ತಿತ್ತು, ಅಲ್ಲಿ ಕೆಂಪು ಗೆರೆ ಬಿತ್ತು. ಹಳೇ ಪೇಟೆಯ ಮೂಲೆಯ ಬೆರಳುದ್ದದ ಗೆರೆ ಬೂದಿಬಣ್ಣದಲ್ಲಿ ಸ್ವಲ್ಪ ಹೊತ್ತು ನಿಂತು, ನೀಲಿಯಾಯಿತು. ಮೇಲಿನ ಅಂಕಿ: ಪ್ರಯೋಗದ ದಿನ 1.

ಓಣಿಯಿಂದ ಮಾಬೂಸಾಬ ಮಾಡಿದ ಫೋನಿನಲ್ಲಿ ಗದ್ದಲ ಕೇಳಿಸಿತು. ಯಾರೋ ನಳ ಕೆಮ್ಮುತ್ತಿದೆ ಎನ್ನುತ್ತಿದ್ದರು, ಯಾರೋ ಮೊದಲ ಕೆಂಪು ನೀರು ಚೆಲ್ಲಿಬಿಡಿ ಎಂದು ಕೂಗುತ್ತಿದ್ದರು. ಅವನ್ನೆಲ್ಲ ಮೀರಿಸಿ ನೀಲವ್ವನ ದನಿ ಬಂತು: "ಹಂಡೆ ಹಿಡೀರ್ಯೋ! ಮದಲ ಹಂಡೆ ಹಿಡೀರಿ!"

ಅನಸೂಯಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಸಂತೋಷಕ್ಕೆ ಎಷ್ಟು, ಒಂಬತ್ತು ವರ್ಷಕ್ಕೆ ಎಷ್ಟು ಎಂದು ಅವಳಿಗೇ ಗೊತ್ತಾಗಲಿಲ್ಲ.

ನಿರ್ದೇಶಕರಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಹಂಚು, ಹಿಟ್ಟಿನ ಬಣ್ಣ, ಹತ್ತು ನಿಮಿಷ, ಎಲ್ಲವನ್ನೂ ಬರೆದು, ಕೊನೆಯಲ್ಲಿ ವಾಮನ ಮಾಸ್ತರ ಸಾಲನ್ನು ಮತ್ತೊಮ್ಮೆ ಬರೆದು, ಹೊಸ ಪ್ರಯೋಗ ಶುರುವಾಗುವ ಮೊದಲು ಇದೊಂದನ್ನು ಸೇರಿಸಿ ಎಂದು ಕೇಳಿಕೊಂಡಳು. ಹೇಗೂ ಒಂದರಿಂದಲೇ ಎಣಿಸಬೇಕಲ್ಲ, ಈಗ ಸೇರಿಸಲು ಏನು ಅಡ್ಡಿ ಎಂಬುದು ಅವಳ ಲೆಕ್ಕ. ಮೂರು ವಾರದ ಮೇಲೆ ಸಮಿತಿಯ ಪತ್ರ ಬಂತು. ಚಿಪ್ ಮರೆತದ್ದು ಮನುಷ್ಯರ ಕೈವಾಡದಿಂದ, ಚಿಪ್ಪಿನಲ್ಲಿ ದೋಷವಿಲ್ಲ. ಪ್ರೋಗ್ರಾಂ ಹತ್ತೊಂಬತ್ತು ವರ್ಷ ನಡೆದದ್ದು, ಅದರಲ್ಲೂ ದೋಷವಿಲ್ಲ. ಆದ್ದರಿಂದ ಯಾವುದನ್ನೂ ಬದಲಿಸದೆ, ಇದೇ ವ್ಯವಸ್ಥೆಯ ಪ್ರಯೋಗವನ್ನು ಬೇರೆ ಊರಿನಲ್ಲಿ ಹೊಸದಾಗಿ ಐನೂರು ದಿನ ನಡೆಸತಕ್ಕದ್ದು. ಚಿಪ್ಪಿನ ಒಳಹೊರಗು ಬಲ್ಲವರು ಬೇರೆ ಇಲ್ಲದ ಕಾರಣ ಅನಸೂಯಾ ಕಟ್ಟೀಮನಿಯವರಿಗೆ ಎಚ್ಚರಿಕೆ ಕೊಟ್ಟು ಅಲ್ಲಿಗೇ ಕಳಿಸಲಾಗುತ್ತಿದೆ. ಸಿರಿಗಟ್ಟಿಗೆ ಅದರ ಹಳೇ ಕಂಪ್ಯೂಟರನ್ನು ಮರಳಿ ಕೊಡತಕ್ಕದ್ದು.

ಅವಳು ಪತ್ರವನ್ನು ಖಾನಾವಳಿಯಲ್ಲಿ ಗಟ್ಟಿಯಾಗಿ ಓದಿದಳು. ಮಧ್ಯಾಹ್ನದ ಹೊತ್ತು, ಪಡಸಾಲೆ ತುಂಬಿತ್ತು. "ಅಂದ್ರ ಮತ್ತ ಐದು ದಿನಕ್ಕ ಒಮ್ಮೆ ನೀರೇನು?" ಎಂದು ಯಾರೋ ಕೇಳಿದರು. "ಬರಲಿ ಬಿಡ್ರಿ, ಬಂದ್ರ ಸಾಕು," ಎಂದ ಇನ್ನೊಬ್ಬ ರೊಟ್ಟಿ ಮುರಿಯುತ್ತ. ಅನಸೂಯಾಳಿಗೆ ಆ ಪತ್ರವನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂದಿತ್ತು. "ಒಂದು ಸಾಲು ನೀಲಕ್ಕಾ. ಒಂದ ಒಂದು ಸಾಲು. ಎಲ್ಲಾರೂ ಓದ್ಯಾರ, ಎಲ್ಲಾರಿಗೂ ತಿಳದೈತಿ, ಆದ್ರೂ ಯಾರೂ ಬರ್ಯಂಗಿಲ್ಲ!"

ನೀಲವ್ವ ಕೈಯಲ್ಲಿದ್ದ ರೊಟ್ಟಿ ಬಡಿದು ಮುಗಿಸಿ, ಹಂಚಿಗೆ ಹಾಕಿ, ಮೇಲೆ ಧಾರಾಳವಾಗಿ ನೀರು ಸವರಿದಳು.

ಅನಸೂಯಾ ಹೊರಡುವ ದಿನ ಮಾಬೂಸಾಬ ಅವಳ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದ. ನೀಲವ್ವ ಬುತ್ತಿ ಕಟ್ಟಿ ತಂದಿದ್ದಳು, ಒಣಗಿಸಿದ ರೊಟ್ಟಿ, ಶೇಂಗಾ ಚಟ್ನಿ. ಜೊತೆಗೆ ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಭಾರವಾದ ದುಂಡನೆಯ ವಸ್ತುವೊಂದನ್ನು ಕಿಟಕಿಯೊಳಗಿಂದ ಅವಳ ತೊಡೆಯ ಮೇಲಿಟ್ಟಳು. ಒಂದು ಕಡೆ ಅಂಚು ಮುರಿದದ್ದು ಪೇಪರಿನ ಮೇಲಿಂದಲೇ ಕೈಗೆ ತಿಳಿಯುತ್ತಿತ್ತು.

"ಇದರ ಮ್ಯಾಲೆ ಸೀಸ ಬಿದ್ದೈತಿ, ರೊಟ್ಟಿ ಸುಡಬ್ಯಾಡ ಅಂದಿಯಲ್ಲ. ನನಗಂತೂ ಬ್ಯಾಡ," ಎಂದಳು ನೀಲವ್ವ. "ಹಿಟ್ಟಿನ ಬಣ್ಣ ನೆನಪೈತಿಲ್ಲೋ? ಶೇಂಗಾ ಸಿಪ್ಪಿ ಬಣ್ಣ. ತೊಗೊಂಡು ಹೋಗು. ಆ ಊರಾಗೂ ಒಂದು ಓಣಿ ಇರ್ತೈತಿ."

ಬಸ್ಸು ಹೊರಟಿತು. ಅನಸೂಯಾ ಆ ಹಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೂತಳು.